ಜಠರದ ಅರ್ಬುದ: ಚಿಕಿತ್ಸೆ ಮತ್ತು ಭವಿಷ್ಯ

ಕಮ್ಮರಡಿ, ಕೊಪ್ಪ, ಶೃಂಗೇರಿಗಳ ಕಡೆ ಹೊಟ್ಟೆಯುರಿಗೆ ಮಜ್ಜಿಗೆ, ಜೀರಿಗೆ ಕಷಾಯಗಳೇ ಮೊದಲ ಮದ್ದು. ಬಹುಮಟ್ಟಿಗೆ ಅದರಿಂದಲೇ ಶಮನವಾಗುವುದೂ ಉಂಟು. ಆದರೆ ಏಡಿಗಂತಿ ಎಂದು ಹಿಂದಿನವರು ಕರೆದ ಅರ್ಬುದ ರೋಗವೂ ಜಠರದಲ್ಲಿ ಇದೇ ವೇಷದಿಂದ ಆರಂಭವಾಗಬಹುದು.

ಈ ರೋಗ ಜಠರದ ಒಳಪೊರೆಯಲ್ಲಿ ಹುಟ್ಟಿ, ಸ್ನಾಯುಪದರವನ್ನು ಭೇದಿಸುತ್ತ ಹೊರಮುಖವಾಗಿ ಸಾಗುತ್ತದೆ. ಬಳಿಕ ದುಗ್ಧಗ್ರಂಥಿಗಳಿಗೂ ಯಕೃತ್ತಿಗೂ ಹರಡುತ್ತದೆ. ಎಷ್ಟು ಆಳಕ್ಕಿಳಿದಿದೆ, ಎಷ್ಟು ದೂರ ಹರಡಿದೆ ಎಂಬುದರ ಮೇಲೆ ರೋಗಿಯ ಭವಿಷ್ಯ ನಿಂತಿದೆ.

ಹಾಗಾದರೆ ಒಳಗೆ ನೋಡುವುದು ಹೇಗೆ? ಬೆಳಕು ಸರಳರೇಖೆಯಲ್ಲಿ ಚಲಿಸುತ್ತದೆ. ಅನ್ನನಾಳದ ಹಾದಿಯೋ ಡೊಂಕು. ಗಾಜಿನ ಎಳೆಯೊಳಗೆ ಬೆಳಕು ಪೂರ್ಣ ಆಂತರಿಕ ಪ್ರತಿಫಲನದಿಂದ ಬಾಗಿ ಸಾಗಬಲ್ಲದು. ಇಂಥ ಎಳೆಗಳ ಕಟ್ಟಿನ ಮೂಲಕ ಬಿಂಬವನ್ನು ಸಾಗಿಸುವ ಕ್ರಮವನ್ನು ಹಾಪ್ಕಿನ್ಸ್ ಮತ್ತು ಭಾರತೀಯ ಭೌತವಿಜ್ಞಾನಿ ನರೀಂದರ್ ಸಿಂಗ್ ಕಪಾನಿ 1954ರಲ್ಲಿ ಪ್ರಕಟಿಸಿದರು. 1957ರಲ್ಲಿ ಹಿರ್ಷೊವಿಟ್ಸ್ ಎಂಬ ವೈದ್ಯರು ಅಂಥ ಎಳೆಗಳ ಜಠರದರ್ಶಕವನ್ನು ಬಳಕೆಗೆ ತಂದರು. ಈಗಿನ ಎಂಡೋಸ್ಕೋಪಿನ ತುದಿಯಲ್ಲಿ ಪುಟ್ಟ ಕ್ಯಾಮೆರಾವೇ ಇದೆ. ಅದರ ಮೂಲಕ ತೆಗೆದ ಅಂಗಾಂಶದ ಚೂರನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ರೋಗವನ್ನು ನಿರ್ಧರಿಸುತ್ತಾರೆ.

ಒಳಪೊರೆಗೇ ಸೀಮಿತವಾದ ಸಣ್ಣ ಗಂತಿಯನ್ನು ಅನೇಕ ವೇಳೆ ಹೊಟ್ಟೆ ಕೊಯ್ಯದೆ ಎಂಡೋಸ್ಕೋಪಿನಿಂದಲೇ ತೆಗೆಯಬಹುದು. ಮುಂದುವರಿದಿದ್ದರೆ ಶಸ್ತ್ರಚಿಕಿತ್ಸೆಯೇ ಮುಖ್ಯ. 1881ರಲ್ಲಿ ವಿಯೆನ್ನಾದ ಬಿಲ್‌ರೋಟ್ ಜಠರದ ರೋಗಗ್ರಸ್ತ ಭಾಗವನ್ನು ಮೊದಲ ಬಾರಿಗೆ ಯಶಸ್ವಿಯಾಗಿ ಕತ್ತರಿಸಿ ತೆಗೆದರು. ರೋಗ ಮರುಕಳಿಸಿ ಆಕೆ ಕೆಲವೇ ತಿಂಗಳಲ್ಲಿ ತೀರಿಕೊಂಡರೂ ವಿಧಾನ ಉಳಿಯಿತು. ಇಡೀ ಜಠರವನ್ನೇ ತೆಗೆದರೂ ಮನುಷ್ಯ ಬದುಕಬಲ್ಲ: ಅನ್ನನಾಳವನ್ನು ಸಣ್ಣಕರುಳಿಗೆ ಜೋಡಿಸುತ್ತಾರೆ, ಸ್ವಲ್ಪ ಸ್ವಲ್ಪವೇ ಹಲವು ಸಲ ಉಣ್ಣಬೇಕು, ಬಿ12 ಜೀವಸತ್ವವನ್ನು ಹೊರಗಿನಿಂದ ಪಡೆಯುತ್ತಿರಬೇಕು. ಶಸ್ತ್ರಚಿಕಿತ್ಸೆಗೆ ಮುನ್ನ ಮತ್ತು ಅನಂತರ ಕೊಡುವ ಕೀಮೋಥೆರಪಿಯಿಂದ ಫಲ ಹೆಚ್ಚುತ್ತದೆ. ವಿಕಿರಣಕ್ಕೆ ಇಲ್ಲಿ ಸಹಾಯಕನ ಪಾತ್ರ ಮಾತ್ರ. ಯಕೃತ್ತು, ಮೂತ್ರಪಿಂಡಗಳು ಪಕ್ಕದಲ್ಲಿವೆ, ಜಠರವೋ ಉಸಿರಿನೊಡನೆ ಚಲಿಸುತ್ತದೆ.

ಫಲಿತಾಂಶವೇನು? ಅಮೆರಿಕದ ಅಂಕಿಅಂಶಗಳಂತೆ, ರೋಗ ಜಠರದಲ್ಲಿಯೇ ಇರುವಾಗ ಗುರುತಿಸಲ್ಪಟ್ಟವರಲ್ಲಿ 100ಕ್ಕೆ ಸುಮಾರು 75 ಮಂದಿ ಐದು ವರ್ಷ ದಾಟುತ್ತಾರೆ. ದೂರದ ಅಂಗಗಳಿಗೆ ಹರಡಿದ ಮೇಲೆ 10ಕ್ಕಿಂತ ಕಡಿಮೆ. ಆಗ ಔಷಧಗಳು ಆಯುಷ್ಯವನ್ನು ಹೆಚ್ಚಿಸಿ ನೋವನ್ನು ತಗ್ಗಿಸಬಲ್ಲವು; ಪೂರ್ಣ ಗುಣವಾಗುವುದು ವಿರಳ.

ರೋಗಕ್ಕೆ ಮುಖ್ಯ ಕಾರಣಗಳಲ್ಲೊಂದು ಹೆಲಿಕೊಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯ. ಅದನ್ನು ಕಂಡುಹಿಡಿದ ವಾರನ್, ಮಾರ್ಷಲ್ ಇವರಿಗೆ 2005ರಲ್ಲಿ ನೊಬೆಲ್ ಬಹುಮಾನ ದೊರೆಯಿತು. ಜೀವಿರೋಧಕಗಳಿಂದ ಇದನ್ನು ನಿವಾರಿಸಬಹುದು. ಧೂಮಪಾನವನ್ನೂ ಅತಿಯಾದ ಉಪ್ಪನ್ನೂ ಬಿಡುವುದು ನಮ್ಮ ಕೈಯಲ್ಲಿಯೇ ಇದೆ.

ಕಾರಣವಿಲ್ಲದೆ ತೂಕ ಇಳಿಯುವುದು, ಮಲ ಕಪ್ಪಾಗುವುದು, ಪದೇ ಪದೇ ವಾಂತಿ, ನುಂಗಲು ತೊಡಕು, ರಕ್ತಹೀನತೆ: ಇವುಗಳಲ್ಲಿ ಒಂದು ಕಂಡರೂ ಕಷಾಯದಲ್ಲಿ ಕಾಲ ಕಳೆಯಬಾರದು. ಘಟ್ಟದ ಕೆಳಗೆ ಮಣಿಪಾಲವಿದೆ. ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆಯಿದೆ. ಎಂಡೋಸ್ಕೋಪಿ ಪರೀಕ್ಷೆಗೆ ಬೇಕಾಗುವುದು ಕೆಲವೇ ನಿಮಿಷಗಳು. ಮನೆಯ ಹಿರಿಯರಿಗೆ ಇದನ್ನು ತಿಳಿಯಹೇಳುವುದು ಓದಿದ ಮಕ್ಕಳ ಕರ್ತವ್ಯ.