ನಿಮಗಿದು ಗೊತ್ತೆ? ಕೇಬಲ್ ಉದ್ದವಾದರೆ ಬೆಳಕಿನ ದಾರಿ

ತಾಮ್ರದ ಎಚ್‌ಡಿಎಂಐ ಕೇಬಲ್ ಉದ್ದವಾದಷ್ಟೂ ಅದರಲ್ಲಿ ಹರಿಯುವ ಸಂಕೇತ ಕ್ಷೀಣಿಸುತ್ತದೆ. ಸೆಕೆಂಡಿಗೆ 60 ಫ್ರೇಮಿನ 4ಕೆ ಚಿತ್ರಕ್ಕೆ ಸೆಕೆಂಡಿಗೆ 18 ಗಿಗಾಬಿಟ್ ಹೊರಬಲ್ಲ ಕೇಬಲ್ ಬೇಕು. ಸಾಮಾನ್ಯ ಕೇಬಲ್ ಐದಾರು ಮೀಟರ್ ದಾಟಿದರೆ ಪರದೆಯ ಮೇಲೆ ಚುಕ್ಕೆಗಳು ಮಿನುಗಬಹುದು, ಚಿತ್ರವೇ ಮಾಯವಾಗಲೂಬಹುದು. ಅದಕ್ಕಿಂತ ಉದ್ದಕ್ಕೆ ಆಪ್ಟಿಕಲ್ ಎಚ್‌ಡಿಎಂಐ ಲೇಸು. ಅದರೊಳಗೆ ಸಂಕೇತ ಬೆಳಕಾಗಿ ಸಾಗುತ್ತದೆ.

ಈ ಉಪಾಯದ ದೈತ್ಯ ಮಾದರಿ ಪುಣೆಯಿಂದ ಉತ್ತರಕ್ಕೆ ಸುಮಾರು 80 ಕಿ.ಮೀ. ದೂರದ ಖೋಡದ್‌ನಲ್ಲಿದೆ. ಅಲ್ಲಿನ ಜಿಎಂಆರ್‌ಟಿ ರೇಡಿಯೊ ದೂರದರ್ಶಕದ 30 ಡಿಷ್‌ಗಳು, ಒಂದೊಂದೂ 45 ಮೀಟರ್ ಅಗಲ, ಸುಮಾರು 25 ಕಿ.ಮೀ. ಹರವಿನಲ್ಲಿ ಚದುರಿವೆ. ಆಕಾಶದಿಂದ ಅವು ಹಿಡಿದ ಸಂಕೇತ ಕೇಂದ್ರ ಕಟ್ಟಡ ಸೇರುವುದು ಆಪ್ಟಿಕಲ್ ಫೈಬರ್ ಮೂಲಕವೇ.

ಮನೆಯ ಆಪ್ಟಿಕಲ್ ಎಚ್‌ಡಿಎಂಐ ಒಮ್ಮುಖ. ಯಾವ ತುದಿ ಪ್ಲೇಯರಿಗೆ, ಯಾವುದು ಟಿವಿಗೆ ಎಂದು ಪ್ಲಗ್ಗಿನ ಮೇಲೇ ಬರೆದಿರುತ್ತದೆ. ಅದಲುಬದಲಾದರೆ ಚಿತ್ರ ಬಾರದು. ಗೋಡೆಯ ಪೈಪಿನೊಳಗೆ ಎಳೆಯುವ ಮೊದಲೇ ಇದನ್ನು ನೋಡಿಕೊಳ್ಳಬೇಕು.

ಸ್ಪೀಕರ್ ವೈರಿನ ಲೆಕ್ಕವೇ ಬೇರೆ, ಅಲ್ಲಿ ದಪ್ಪವೇ ಮುಖ್ಯ. 8 ಓಮ್ ಸ್ಪೀಕರಿಗೆ 15 ಮೀಟರ್ ದೂರದವರೆಗೆ 1.5 ಚದರ ಮಿ.ಮೀ. ತಾಮ್ರದ ವೈರು ಸಾಕು. 4 ಓಮ್ ಆದರೆ 2.5 ಬೇಕು. ಚಿನ್ನದ ಲೇಪದ ಪ್ಲಗ್ಗು ತುಕ್ಕು ತಡೆಯುತ್ತದೆ ಅಷ್ಟೆ, ಅದಕ್ಕಾಗಿ ಹೆಚ್ಚು ದುಡ್ಡು ಸುರಿಯಬೇಕಿಲ್ಲ. ವೈರನ್ನು ಪುಣೆಯ ತಾಪಕೀರ್ ಗಲ್ಲಿಯಲ್ಲಿ ಕೊಳ್ಳಲಿ, ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಕೊಳ್ಳಲಿ, ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡುವುದು ಒಳ್ಳೆಯದು. ಒಳಗೆ ಬೆಳ್ಳಗೆ ಕಂಡರೆ ಅದು ಬಹುಪಾಲು ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಅದರ ರೋಧ ಅಪ್ಪಟ ತಾಮ್ರದ ಸುಮಾರು ಒಂದೂವರೆ ಪಟ್ಟು.