ಮನೆಯಂಗಳದಲ್ಲಿ ಭತ್ತ

ಊರು ಬಿಟ್ಟು ಬಂದ ನಮಗೆ ಅಕ್ಕಿಯೆಂದರೆ ಅಂಗಡಿಯಿಂದ ಚೀಲದಲ್ಲಿ ಬರುವ ಪದಾರ್ಥ. ನಮ್ಮ ಮಕ್ಕಳಲ್ಲಿ ಅನೇಕರು ಭತ್ತದ ತೆನೆಯನ್ನು ಕೈಯಲ್ಲಿ ಹಿಡಿದು ನೋಡಿದವರಲ್ಲ. ಈ ಕೊರತೆಯನ್ನು ನೀಗಲು ಗದ್ದೆಯೇ ಬೇಕೆಂದಿಲ್ಲ. ಬಿಸಿಲು ಬೀಳುವ ಅಂಗಳ ಅಥವಾ ತಾರಸಿ, ನಾಲ್ಕಾರು ಬಕೆಟ್ಟುಗಳು, ಇಷ್ಟಿದ್ದರೆ ಸಾಕು.

ನಾವಿರುವ ಏಲೂರು ಪೆರಿಯಾರ್ ನದಿಯ ನಡುವಣ ದ್ವೀಪ. ಇಲ್ಲಿಯ ಫ್ಯಾಕ್ಟ್ ಕಾರ್ಖಾನೆ 1947ರಲ್ಲಿ ರಸಗೊಬ್ಬರ ತಯಾರಿಕೆಯನ್ನು ಆರಂಭಿಸಿತು. ಆದರೆ ಇದೇ ಜಿಲ್ಲೆಯ ಕಡಮಕ್ಕುಡಿ, ಏಳಿಕ್ಕರಗಳ ಉಪ್ಪುನೀರಿನ ಗದ್ದೆಗಳಲ್ಲಿ ಬೆಳೆಯುವ ಪೊಕ್ಕಾಳಿ ಭತ್ತಕ್ಕೆ ಆ ಗೊಬ್ಬರದ ಹಂಗೇ ಇಲ್ಲ! ಮಳೆ ಸುರಿದು ಉಪ್ಪು ತೊಳೆದುಹೋದ ಮೇಲೆ ಮಣ್ಣಿನ ದಿಬ್ಬಗಳಲ್ಲಿ ಬಿತ್ತುತ್ತಾರೆ. ಕೊಯ್ಲಿನಲ್ಲಿ ತೆನೆಯನ್ನಷ್ಟೇ ಕೊಯ್ದು ಹುಲ್ಲನ್ನು ನೀರಿನಲ್ಲೇ ಬಿಡುತ್ತಾರೆ. ಅದು ಕೊಳೆತು ಆಮೇಲೆ ಸಾಕುವ ಸಿಗಡಿಗೆ ಆಹಾರ. ಸಿಗಡಿಯ ಕಾಲದ ಕಸಕಡ್ಡಿ ಮುಂದಿನ ಭತ್ತಕ್ಕೆ ಗೊಬ್ಬರ. ನಮ್ಮ ಕುಮಟಾ ತಾಲ್ಲೂಕಿನ ಮಾಣಿಕಟ್ಟೆಯಲ್ಲಿ, ಅಘನಾಶಿನಿಯ ಗಜನಿ ಭೂಮಿಯಲ್ಲಿ ಬೆಳೆಯುವ ಕಗ್ಗ ಭತ್ತವೂ ಇದರ ಒಡಹುಟ್ಟಿದಂತೆಯೇ. ಎರಡೂ ಕಡೆ ಈಗ ಬೇಸಾಯ ಕುಗ್ಗುತ್ತಿದೆ. ಭತ್ತದ ತಳಿಯನ್ನು ಪೆಟ್ಟಿಗೆಯಲ್ಲಿಟ್ಟು ಕಾಪಾಡಲಾಗದು. ಕರಾವಳಿಯ ತೇವದಲ್ಲಿ ಬೀಜದ ಮೊಳೆಯುವ ಶಕ್ತಿ ಬೇಗನೆ ಕುಂದುತ್ತದೆ. ಬಿತ್ತಿದರೆ ಮಾತ್ರ ಅದು ಉಳಿಯುತ್ತದೆ.

ಇನ್ನು ಬೆಳೆಯುವ ಕ್ರಮವನ್ನು ನೋಡೋಣ. ಜೂನ್ ತಿಂಗಳಲ್ಲಿ ಬೀಜದ ಭತ್ತವನ್ನು ಒಂದು ಹಗಲು, ಒಂದು ರಾತ್ರಿ ನೆನೆಸಿ, ಒದ್ದೆ ಗೋಣಿಯಲ್ಲಿ ಕಟ್ಟಿಟ್ಟರೆ ಎರಡು ದಿನದಲ್ಲಿ ಮೊಳಕೆ ಬರುತ್ತದೆ. ಅದನ್ನು ಅಗಲವಾದ ತಟ್ಟೆಯ ಕೆಸರಿನಲ್ಲಿ ಹರಡಿರಿ. 20-25 ದಿನಗಳಾದ ಮೇಲೆ, ತೂತಿಲ್ಲದ ಬಕೆಟ್ಟಿನಲ್ಲಿ ಜೇಡಿಮಣ್ಣು, ಹಟ್ಟಿಗೊಬ್ಬರ ಕಲಸಿ, ಒಂದೊಂದರಲ್ಲಿ ಎರಡು ಮೂರು ಸಸಿ ನೆಡಿರಿ. ಎರಡು ಅಂಗುಲ ನೀರು ಸದಾ ನಿಂತಿರಲಿ. ಸೊಳ್ಳೆಯ ಭಯವಿದ್ದರೆ ನಾಲ್ಕೈದು ದಿನಕ್ಕೊಮ್ಮೆ ನೀರು ಬದಲಿಸಿರಿ. ಪೊಕ್ಕಾಳಿ ಎತ್ತರವಾಗಿ ಬೆಳೆದು ಬಾಗುವ ಗಿಡ. ಕೋಲು ಕೊಟ್ಟು ಕಟ್ಟಬೇಕು. ಹಾಲುಕಾಳು ಕಟ್ಟಿದೊಡನೆ ಹಕ್ಕಿಗಳು ಬರುತ್ತವೆ, ಬಲೆ ಹೊದಿಸಬೇಕು. ಕೊಯ್ಲಿಗೆ ಹತ್ತು ದಿನ ಮೊದಲು ನೀರು ತೆಗೆದು, ತೆನೆ ಹೊನ್ನಿನ ಬಣ್ಣಕ್ಕೆ ತಿರುಗಿದಾಗ ಕತ್ತರಿಸಿರಿ. ಬಿತ್ತಿದಂದಿನಿಂದ ಸುಮಾರು ನಾಲ್ಕು ತಿಂಗಳ ಕೆಲಸ.

ಇದರಿಂದ ಸಂಸಾರದ ಅಕ್ಕಿಯ ಖರ್ಚು ತಗ್ಗುವುದೆಂದು ನಮ್ಮಂಥ ಗುಮಾಸ್ತರು ಲೆಕ್ಕ ಹಾಕಬಾರದು! ಒಂದು ಚದರ ಮೀಟರ್ ಗದ್ದೆಯಲ್ಲಿ ಅರ್ಧ ಕಿಲೋ ಭತ್ತ ಬಂದರೆ ಅದೇ ಒಳ್ಳೆಯ ಬೆಳೆ. ಕುಟ್ಟಿದ ಮೇಲೆ ಉಳಿಯುವ ಅಕ್ಕಿ ಮೂರರಲ್ಲಿ ಎರಡು ಪಾಲು. ಅಂದರೆ ಹತ್ತು ಹನ್ನೆರಡು ಬಕೆಟ್ಟು ಸೇರಿದರೂ ಒಂದು ಹೊತ್ತಿನ ಊಟ. ಆದರೆ ಒಂದು ತುತ್ತಿನ ಹಿಂದೆ ಎಷ್ಟು ದುಡಿಮೆಯಿದೆ ಎಂಬುದನ್ನು ಮಕ್ಕಳು ತಾವಾಗಿಯೇ ಅರಿಯುವರು. ತಟ್ಟೆಯಲ್ಲಿ ಅನ್ನ ಬಿಡಬೇಡವೆಂದು ನಾವು ನಿತ್ಯ ಹೇಳುವ ಮಾತಿಗಿಂತ ಇದು ಹೆಚ್ಚು ನಾಟುತ್ತದೆ.

ಕೇರಳದ ದೇವಾಲಯಗಳಲ್ಲಿ ನಿರಪುತ್ತರಿಯಂದು ಹೊಸ ತೆನೆ ತರುತ್ತಾರೆ. ನಮ್ಮ ಕರಾವಳಿಯಲ್ಲೂ ತೆನೆ ಕಟ್ಟಿ ಹೊಸ ಅಕ್ಕಿಯ ಊಟ ಮಾಡುವ ಪದ್ಧತಿಯಿದೆ. ಮನೆಯಲ್ಲೇ ಬೆಳೆದ ನಾಲ್ಕು ತೆನೆಗಳನ್ನು ಬಾಗಿಲಿಗೆ ಕಟ್ಟಿರಿ. ಒಂದು ಹಿಡಿ ಭತ್ತವನ್ನು ಮುಂದಿನ ಮಳೆಗಾಲಕ್ಕೆ ತೆಗೆದಿಡಿರಿ. ಇನ್ನೊಂದು ಹಿಡಿಯನ್ನು ನೆರೆಯ ಕನ್ನಡ ಮನೆಗೆ ಕೊಡಿರಿ.