ಅಣ್ಣಾವ್ರ ತುಟಿ, ಪಿ.ಬಿ.ಎಸ್. ದನಿ!

ಸೇಡಂದಾಗ ಮನ್ಯಾಗ ತೆಲುಗು, ಅಂಗಡ್ಯಾಗ ಉರ್ದು, ಸಾಲ್ಯಾಗ ಕನ್ನಡ ಅಂದ್ರ ಯಾರೂ ಹುಬ್ಬೇರಿಸೋದಿಲ್ಲ. ಚಿಂಚೋಳಿಯಿಂದ ವಾಡಿತನಕ ಮೂರೂ ಒಂದೇ ನಾಲಿಗೆ ಮೇಲೆ ಕುಣೀತಾವ. ಹಾಗಾದರೆ ಗೆಳೆಯರೇ, ನಮ್ಮ ಕಡೆಯವರು 'ಇವ ನಮ್ಮವ' ಅಂತ ಎದೆ ತಟ್ಟಿ ಹೇಳಬಹುದಾದ ಗಾಯಕ ಯಾರು? ಪಿ.ಬಿ. ಶ್ರೀನಿವಾಸ್! ಹುಟ್ಟಿದ್ದು ತೆಲುಗು ನಾಡಿನ ಕಾಕಿನಾಡದಲ್ಲಿ, ಬರೆದದ್ದು ಉರ್ದು ಗಜಲ್, ಮನೆಮಾತಾದದ್ದು ಕನ್ನಡದಲ್ಲಿ.

ಪೂರ್ತಿ ಹೆಸರು ಪ್ರತಿವಾದಿ ಭಯಂಕರ ಶ್ರೀನಿವಾಸ್. ಹೆಸರು ಕೇಳಿದರೆ ಖಳನಾಯಕ ಅನ್ನಬೇಕು, ದನಿ ಮಾತ್ರ ಬೆಣ್ಣೆ! 1930ರ ಸೆಪ್ಟೆಂಬರ್ 22ರಂದು ಹುಟ್ಟಿದ ಈ ಬಿ.ಕಾಂ. ಪದವೀಧರ ಲೆಕ್ಕದ ಪುಸ್ತಕ ಬಿಟ್ಟು ಮದರಾಸಿನ ಜೆಮಿನಿ ಸ್ಟುಡಿಯೋ ಬಾಗಿಲು ತಟ್ಟಿದ. ವೀಣೆಯ ಈಮನಿ ಶಂಕರಶಾಸ್ತ್ರಿಗಳು ಕೈಹಿಡಿದರು. 1952ರ ಹಿಂದಿ ಚಿತ್ರ 'ಮಿಸ್ಟರ್ ಸಂಪತ್' ಮೊದಲ ಮೆಟ್ಟಿಲು. ಮರುವರ್ಷವೇ 'ಜಾತಕಫಲ'ದಿಂದ ಕನ್ನಡಕ್ಕೆ ಬಂದರು. 1960ರ 'ಭಕ್ತ ಕನಕದಾಸ'ದ ನಂತರವಂತೂ ಪರದೆ ಮೇಲೆ ರಾಜಕುಮಾರ್ ಬಾಯ್ತೆರೆದರೆ ಪಿ.ಬಿ.ಎಸ್. ಹಾಡಲೇಬೇಕು. ರಾಜ್ ಶರೀರ, ಶ್ರೀನಿವಾಸ್ ಶಾರೀರ ಅನ್ನೋ ಮಾತು ಹುಟ್ಟಿದ್ದು ಸುಮ್ಮನೆ ಅಲ್ಲ.

ಆ ದನಿಯ ಗುಟ್ಟೇನು? ಘಂಟಸಾಲ, ಸೌಂದರರಾಜನ್ ಎದೆ ತೆರೆದು ಮುಗಿಲಿಗೆ ಹಾಡುವವರು. ನಮ್ಮ ಪಿ.ಬಿ.ಎಸ್. ಮೈಕಿಗೆ ಹತ್ತಿರ ನಿಂತು ಕಿವಿಯಲ್ಲಿ ಗುಟ್ಟು ಹೇಳಿದಂಗ ಹಾಡ್ತಿದ್ದರು. ಮಂದ್ರದಲ್ಲಿ ಇಳಿದಷ್ಟೂ ದನಿ ದುಂಡಗಾಗುತ್ತದೆ. ಸಾಲಿನ ಕೊನೆಯ ಸ್ವರವನ್ನು ಕತ್ತರಿಸದೆ, ಉಸಿರಿನೊಳಗೆ ಕರಗಿಸಿಬಿಡುತ್ತಾರೆ. ದುಃಖದ ಹಾಡಿಗೂ ಬಿಕ್ಕೋದಿಲ್ಲ, ಕಿರುಚೋದಿಲ್ಲ. ಅಳು ಕೇಳುವವನ ಪಾಲಿಗೆ! ತಮಿಳಿನಲ್ಲಿ ಜೆಮಿನಿ ಗಣೇಶನ್‌ಗೂ ಇದೇ ಕಂಠ ಒಪ್ಪಿದ್ದು ಅದಕ್ಕೇ. 1964ರ 'ಮೈ ಭೀ ಲಡ್ಕೀ ಹೂಂ'ನಲ್ಲಿ ಸಾಕ್ಷಾತ್ ಲತಾ ಮಂಗೇಶ್ಕರ್ ಜೊತೆ ಹಾಡಿದರೂ ದನಿ ಏರಿಸಲಿಲ್ಲ.

ಇನ್ನು ಕರುಳು ಹಿಂಡುವ ಸಂಗತಿಗೆ ಬರೋಣ. 1974, 'ಸಂಪತ್ತಿಗೆ ಸವಾಲ್'. ಸಂಗೀತ ಜಿ.ಕೆ. ವೆಂಕಟೇಶ್ ಅವರದು. ಎಮ್ಮೆ ಮೇಲೆ ಕೂತ ರಾಜ್ ತಮ್ಮದೇ ದನಿಯಲ್ಲಿ ಹಾಡಿಬಿಟ್ಟರು! ಟಾಕೀಸುಗಳಲ್ಲಿ ಶಿಳ್ಳೆಯೋ ಶಿಳ್ಳೆ. ರಂಗಭೂಮಿಯಲ್ಲಿ ಪಳಗಿದ ಕಂಠ, ಗೆಲ್ಲದೇ ಇರ್ತದೇನ್ರೀ? ಮುಂದೆ 'ಜೀವನ ಚೈತ್ರ'ದ ಹಾಡಿಗೆ ರಾಷ್ಟ್ರಪ್ರಶಸ್ತಿಯೂ ಬಂತು. ನಾವು ಅಣ್ಣಾವ್ರ ಅಭಿಮಾನಿಗಳು, ಹಿಗ್ಗಿದೆವು, ಖರೆ. ಆದರೆ ಆ ಶಿಳ್ಳೆಯ ನಡುವೆ ಒಬ್ಬ ಗಾಯಕನ ಹದಿನಾಲ್ಕು ವರ್ಷದ ಜಾಗ ಕೈತಪ್ಪಿತ್ತು. ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ಹೊಸಗಾಳಿಯೂ ಬೀಸತೊಡಗಿತ್ತು. ಪಿ.ಬಿ.ಎಸ್.ಗೆ ಕರೆಗಳು ಕಡಿಮೆಯಾದವು.

ಬೇರೆ ಯಾರಾದರೂ ಆಗಿದ್ದರೆ? ಇವರು ಪೆನ್ನು ಹಿಡಿದರು. ಮದರಾಸಿನ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಹೋಟೆಲಿನಲ್ಲಿ ತಲೆಗೆ ಟೋಪಿ, ಜೇಬು ತುಂಬ ಬಣ್ಣಬಣ್ಣದ ಪೆನ್ನು, ಮುಂದೆ ಹಾಳೆಗಳು. ಎಂಟು ಭಾಷೆಗಳಲ್ಲಿ ಕವಿತೆ! 2008ರಲ್ಲಿ ಆ ಹೋಟೆಲು ಮುಚ್ಚುವವರೆಗೂ ಅದೇ ಅವರ ಕಚೇರಿ. 2013ರ ಏಪ್ರಿಲ್ 14ರಂದು ಚೆನ್ನೈಯಲ್ಲಿ ತೀರಿಕೊಂಡರು.

ವಾಡಿ ಜಂಕ್ಷನ್ನಿನಲ್ಲಿ ಗಾಡಿ ತಡವಾದಾಗ ಒಂದು ಕೆಲಸ ಮಾಡ್ರಿ. 1971ರ 'ಕಸ್ತೂರಿ ನಿವಾಸ'ದ ಗೊಂಬೆ ಹಾಡನ್ನು ಮೊಬೈಲಿನಲ್ಲಿ ಹಾಕಿ. ಮೊದಲು ನಗುವಿನದು, ಹಿಂದೆಯೇ ಅಳುವಿನದು. ಧಾಟಿ ಅದೇ. ಎಲ್ಲಿ ಬದಲಾಯಿತು ಅಂತ ಹುಡುಕ್ರಿ ನೋಡೋಣ!